ಪೇಜ್‌ಗೆ ಸ್ವಿಚ್ ಆಗದಿದ್ದರೆ ಮೊದಲು ನೋಡಬೇಕಾದ್ದು

ನಮ್ಮ ಅಂಗಡಿಯ ಫೇಸ್‌ಬುಕ್ ಪೇಜ್ ನೋಡಿಕೊಳ್ಳುವ ಹುಡುಗನಿಗೆ ಮೆಟಾ ಬಿಸಿನೆಸ್ ಸೂಟ್‌ನಲ್ಲಿ (ಪೇಜ್ ನೋಡಿಕೊಳ್ಳಲು ಇರುವ ಮೆಟಾದ ಬೇರೆ ಟೂಲ್) ಎಲ್ಲ ಸರಿ ಇತ್ತು, ಪೋಸ್ಟ್ ಹಾಕುತ್ತಿದ್ದ, ಮೆಸೇಜ್‌ಗೆ ಉತ್ತರ ಕೊಡುತ್ತಿದ್ದ. ಆದರೆ ಫೇಸ್‌ಬುಕ್ ಆ್ಯಪ್‌ನಲ್ಲಿ ಪ್ರೊಫೈಲ್ ಬದಲಿಸುವ ಕಡೆ ಪೇಜೇ ಕಾಣುತ್ತಿರಲಿಲ್ಲ. ಲಾಗ್ ಔಟ್ ಮಾಡಿ ನೋಡಿದ್ದಾಯ್ತು, ಆ್ಯಪ್‌ನ ಕ್ಯಾಶ್ (ತಾತ್ಕಾಲಿಕ ಡೇಟಾ) ಅಳಿಸಿದ್ದಾಯ್ತು, ಬೇರೆ ಫೋನ್‌ನಲ್ಲೂ ನೋಡಿದ್ದಾಯ್ತು. ಸುಮ್ನೆ ಟೈಮ್ ಹೋಯ್ತು ಅಷ್ಟೇ.

ತೊಂದರೆ ಇದ್ದದ್ದು ಪರ್ಮಿಷನ್‌ನಲ್ಲಿ. ಇದನ್ನು ನೋಡಲು ನಿಮಗೆ ಫುಲ್ ಕಂಟ್ರೋಲ್, ಅಂದರೆ ಪೇಜ್‌ನ ಪೂರ್ತಿ ಅಧಿಕಾರ ಇರಬೇಕು. ಮೊದಲು ನಿಮ್ಮ ಪ್ರೊಫೈಲ್‌ನಿಂದ ಪೇಜ್‌ಗೆ ಸ್ವಿಚ್ ಆಗಿ, ಇದನ್ನು ಬಿಟ್ಟರೆ ಮುಂದಿನ ಆಯ್ಕೆಗಳೇ ಸಿಗುವುದಿಲ್ಲ. ಆಮೇಲೆ ಸೆಟ್ಟಿಂಗ್ಸ್, ಪೇಜ್ ಸೆಟಪ್, ಪೇಜ್ ಆಕ್ಸೆಸ್. ಅಲ್ಲಿ ಎರಡು ಪಟ್ಟಿ ನೋಡಬೇಕು. ಫೇಸ್‌ಬುಕ್ ಆಕ್ಸೆಸ್ ಇದ್ದವರು ಪೇಜ್‌ಗೆ ಸ್ವಿಚ್ ಆಗಬಹುದು. ಟಾಸ್ಕ್ ಆಕ್ಸೆಸ್ ಇದ್ದವರಿಗೆ ಅದು ಆಗುವುದಿಲ್ಲ, ಬಿಸಿನೆಸ್ ಸೂಟ್‌ನಂಥ ಟೂಲ್‌ಗಳಲ್ಲಿ ಕೊಟ್ಟ ಕೆಲಸ ಮಾತ್ರ. ಹುಡುಗನ ಹೆಸರು ಎರಡನೇ ಪಟ್ಟಿಯಲ್ಲಿತ್ತು.

ಅಲ್ಲಿಂದ ಅವನ ಹೆಸರು ತೆಗೆದು, ಫೇಸ್‌ಬುಕ್ ಆಕ್ಸೆಸ್‌ನಲ್ಲಿ ಆ್ಯಡ್ ನ್ಯೂ ಒತ್ತಿ ಸೇರಿಸಿದೆ. ಫುಲ್ ಕಂಟ್ರೋಲ್ ಕೊಡುವ ಬಟನ್ ಅಲ್ಲೇ ಇರುತ್ತದೆ, ಅದನ್ನು ಆಫ್ ಇಟ್ಟೇ ಮುಂದೆ ಹೋಗಿ. ಅದು ಆನ್ ಆದರೆ ಅವರು ನಿಮ್ಮನ್ನೇ ಪೇಜ್‌ನಿಂದ ತೆಗೆಯಬಹುದು, ಪೇಜನ್ನೇ ಡಿಲೀಟ್ ಮಾಡಬಹುದು. ನಿಮ್ಮ ಪಾಸ್‌ವರ್ಡ್ ಕೇಳುತ್ತದೆ, ಹಾಕಿ. ಅವನು ಇನ್ವೈಟ್ ಒಪ್ಪಿಕೊಂಡ ಮೇಲೆ ಪೇಜ್ ಕಾಣಿಸಿತು.

ಹಾಗೇ ಆ ಎರಡೂ ಪಟ್ಟಿಯಲ್ಲಿ ಕೆಲಸ ಬಿಟ್ಟು ಹೋದವರ ಹೆಸರು ಇದೆಯಾ ಅಂತಲೂ ನೋಡಿ.