ಶೋಪೀಸ್ ಬೈಪ್ಲೇನಿಗೆ ಚೌಕ ಮೂತಿ

ಕೋಲ್ಕತ್ತಾದಲ್ಲಿ ಹುಟ್ಟಿದ ಇಂದ್ರಲಾಲ್ ರಾಯ್ ಮೊದಲ ಮಹಾಯುದ್ಧದಲ್ಲಿ, 1918ರ ಜುಲೈ 6ರಿಂದ 19ರೊಳಗೆ ಬ್ರಿಟಿಷರ ಎಸ್.ಇ.5ಎ ಯುದ್ಧವಿಮಾನದಲ್ಲಿ ಹತ್ತು ವೈಮಾನಿಕ ವಿಜಯಗಳನ್ನು ಗಳಿಸಿ, 22ರಂದು ಜರ್ಮನ್ನರ ಫೋಕರ್ ಡಿ.7 ವಿಮಾನಗಳೊಡನೆ ಕಾದಾಡುತ್ತ ಮಡಿದವರು. ಆ ಕೊನೆಯ ಕಾಳಗವನ್ನು ಪುಟ್ಟ ಮಾದರಿ ವಿಮಾನಗಳಿಂದ ಮೇಜಿನ ಮೇಲೆ ಆಟವಾಗಿ ಆಡಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಎರಡೂ ಕಡೆಗೆ ನಾಲ್ಕು ನಾಲ್ಕರಂತೆ ಎಂಟು ಸಿದ್ಧ ಮಾದರಿಗಳನ್ನು ಕೊಳ್ಳುವುದು ನನ್ನ ಕೈಗೆಟುಕದ ಮಾತಾದ್ದರಿಂದ, ಉಡುಗೊರೆ ಅಂಗಡಿಯಲ್ಲಿ ಕಂಚಿನ ಬಣ್ಣ ಬಳಿದು ಮಾರುವ ಎರಕದ ಬೈಪ್ಲೇನ್ (ಒಂದರ ಮೇಲೊಂದು ಎರಡು ರೆಕ್ಕೆಗಳ ವಿಮಾನ) ಶೋಪೀಸುಗಳನ್ನೇ ಎಂಟು ತಂದೆ.

ರೆಕ್ಕೆಯ ತುದಿಯಿಂದ ತುದಿಗೆ ಅಳೆದಾಗ 78 ಮಿಲಿಮೀಟರ್ ಬಂತು. ಎಸ್.ಇ.5ಎಯ ನಿಜವಾದ ಅಳತೆ 8.11 ಮೀಟರ್ ಆದ್ದರಿಂದ ಇದು ಸುಮಾರು 1:104ರ ಪ್ರಮಾಣ. ಇದೇ ಲೆಕ್ಕದಲ್ಲಿ ಫೋಕರ್‌ನ ರೆಕ್ಕೆ ಏಳೆಂಟು ಮಿಲಿಮೀಟರ್ ಹೆಚ್ಚು ಉದ್ದವಿರಬೇಕಿತ್ತು. ಅದನ್ನು ನಾನು ಬೇಕೆಂದೇ ಬಿಟ್ಟೆ. ಆಟಗಾರರ ಕಣ್ಣು ಮಾದರಿಯಿಂದ ಎರಡು ಮೂರು ಅಡಿ ದೂರದಲ್ಲಿರುತ್ತದೆ, ಅಲ್ಲಿಂದ ವಿಮಾನದ ಗುರುತು ಸಿಗುವುದು ಮೂತಿಯಿಂದಲೇ ಹೊರತು ರೆಕ್ಕೆಯ ಅಳತೆಯಿಂದಲ್ಲ.

ಶೋಪೀಸಿನ ಮೂತಿಯಾದರೋ ದುಂಡಗಿತ್ತು, ಎಂಜಿನ್ನೇ ಗಿರಗಿರನೆ ತಿರುಗುತ್ತಿದ್ದ ಆ ಕಾಲದ ಬೇರೆ ವಿಮಾನಗಳಿಗೆ ಒಪ್ಪುವಂಥದ್ದು. ನನಗೆ ಬೇಕಾದ ಎರಡರಲ್ಲೂ ಇದ್ದದ್ದು ನೀರಿನಿಂದ ತಣಿಯುವ ಎಂಜಿನ್, ಅದರ ಮುಂದೆ ಹಳೆಯ ಕಾರಿನಂತೆ ಚಪ್ಪಟೆ ರೇಡಿಯೇಟರ್. ಹೀಗಾಗಿ ಮೂತಿಯನ್ನು ಲೋಹದ ಗರಗಸದಿಂದ ಐದು ಮಿಲಿಮೀಟರಿನಷ್ಟು ಕೊಯ್ದು, ಎಂ-ಸೀಲ್ ಕಲಸಿ ಮೆತ್ತಿ, ಅದು ಅರೆಗಟ್ಟಿಯಾದಾಗ ಒದ್ದೆ ಬ್ಲೇಡಿನಿಂದ ನಾಲ್ಕೂ ಬದಿಗಳನ್ನು ಸಪಾಟು ಮಾಡಿದೆ. ಪೂರ್ತಿ ಗಟ್ಟಿಯಾಗುವವರೆಗೆ ಕಾದರೆ ಅರ ಹಾಕಿ ಕೈ ಸೋಲುತ್ತದೆ; ಮೊದಲೆರಡು ಮೂತಿಗಳಲ್ಲಿ ನನಗಾದದ್ದೂ ಅದೇ. ಎಸ್.ಇ.5ಎಯ ಕಾಕ್‌ಪಿಟ್ಟಿನ ಹಿಂದಿನವರೆಗೂ ಚಾಚುವ ಹೊಗೆಕೊಳವೆಗಳಿಗೆ ವಿದ್ಯುತ್ ಕೇಬಲಿನ ತಾಮ್ರದ ತಂತಿ, ಮೇಲಿನ ರೆಕ್ಕೆಯ ಲೂಯಿಸ್ ಬಂದೂಕಿಗೆ ತಲೆ ಕತ್ತರಿಸಿದ ಗುಂಡುಪಿನ್ನು ಸಾಕಾದವು.

ಬಣ್ಣದ ವಿಷಯದಲ್ಲಿ ಅವಸರ ಪಟ್ಟು ಕೆಟ್ಟೆ. ಶೋಪೀಸಿನ ಹೊಳಪಿನ ಲೇಪದ ಮೇಲೆಯೇ ಹಚ್ಚಿದ ಬಣ್ಣ ಉಗುರು ತಾಕಿದರೆ ಹಾಳೆಯಂತೆ ಏಳುತ್ತಿತ್ತು. ಎಲ್ಲವನ್ನೂ ಉಪ್ಪುಕಾಗದದಿಂದ ಉಜ್ಜಿ, ಸೋಪಿನ ನೀರಲ್ಲಿ ತೊಳೆದು, ಪ್ರೈಮರ್ ಹೊಡೆದ ಮೇಲೆಯೇ ಬಣ್ಣ ನಿಂತಿತು. ಬ್ರಿಟಿಷ್ ವಿಮಾನಗಳಿಗೆ ಮೇಲೆ ಹಸಿರು ಬೆರೆತ ಕಂದು, ಕೆಳಗೆ ಕೋರಾ ಬಟ್ಟೆಯ ಬಣ್ಣ ಹಚ್ಚಿದೆ. ಜರ್ಮನ್ನರ ಬಹುಕೋನದ ಚಿತ್ತಾರದ ಬಟ್ಟೆಯನ್ನು ಇಷ್ಟು ಚಿಕ್ಕ ರೆಕ್ಕೆಯ ಮೇಲೆ ಬಿಡಿಸುವ ತಾಳ್ಮೆ ನನಗಿಲ್ಲದ್ದರಿಂದ ಮಾಸಲು ಚುಕ್ಕೆಗಳಲ್ಲೇ ಮುಗಿಸಿದೆ.

ನಿಲ್ಲಿಸಲು ಸೈಕಲ್ ಕಡ್ಡಿಯ ತುದಿಗೊಂದು ಪುಟ್ಟ ಅಯಸ್ಕಾಂತ, ವಿಮಾನದ ಹೊಟ್ಟೆ ಕೊರೆದು ಅಲ್ಲೊಂದು. ಒಂದು ಫೋಕರ್‌ನಲ್ಲಿ ಅದನ್ನು ತಿರುವುಮುರುವಾಗಿ ಅಂಟಿಸಿಬಿಟ್ಟಿದ್ದೆ. ಕಡ್ಡಿಯ ಮೇಲಿಟ್ಟ ಕೂಡಲೇ ವಿಮಾನ ಹೊರಳಿ ನೆಲಕ್ಕೆ ಬಿದ್ದು, ಗಂಟೆಗಟ್ಟಲೆ ತಿದ್ದಿದ್ದ ಮೂತಿಯೇ ಕಳಚಿತು. ಈಗ ಅಂಟು ಹಾಕುವ ಮೊದಲೇ ಪ್ರತಿ ಅಯಸ್ಕಾಂತದ ಮೇಲ್ಮುಖಕ್ಕೆ ಮಾರ್ಕರ್ ಪೆನ್ನಿನಿಂದ ಚುಕ್ಕೆ ಇಡುತ್ತೇನೆ.