ಅವರೆ ಗಿಡದ ಗಡಿಯಾರ ಅಳೆದದ್ದು: ನನ್ನ ಅನುಭವ

ಗಿಡದೊಳಗೂ ಒಂದು ಗಡಿಯಾರ ಇದೆ, ಬಿಸಿಲು ಕಾಣದಿದ್ದರೂ ಅದರ ಲೆಕ್ಕಕ್ಕೆ ಎಲೆ ಏಳುತ್ತದೆ, ಮಲಗುತ್ತದೆ. ಅದರ ಒಂದು ಸುತ್ತಿಗೆ ಎಷ್ಟು ಗಂಟೆ ಅಂತ ಅಳೆಯಲು ಹೊರಟಿದ್ದೆ. ಬೆಳಕು, ಬಿಸಿ ಎರಡನ್ನೂ ಹಿಡಿತದಲ್ಲಿಡುವ ಗ್ರೋತ್ ಚೇಂಬರ್ ಇಲ್ಲದೆ ಇದು ಆಗಲ್ಲ ಅಂತ ಹೇಳಿದವರು ಒಬ್ಬಿಬ್ಬರಲ್ಲ. ಸ್ಟಾಫ್ ರೂಮಲ್ಲಂತೂ "ಏನ್ ಮೇಷ್ಟ್ರೇ, ಅವರೆ ಗಿಡಕ್ಕೆ ವಾಚ್ ಕಟ್ಟಿದ್ರಾ?" ಅಂತ ದಿನಾ ನಗು. ಈಗ ಕಟ್ಟಿದ್ದೀನಿ. 3 ವರ್ಷ ಹಿಡಿಯಿತು. ಹತ್ತಿರ ಹತ್ತಿರ 30 ಸಾವಿರ ಹೋಯಿತು, ಅದರಲ್ಲಿ ಅರ್ಧ ಶುದ್ಧ ದಂಡ. ಚೇಂಬರಿಗೆ ಕೊಟೇಶನ್ ಕೇಳಿದಾಗ ಬಂದದ್ದು 6 ಲಕ್ಷದ ಮೇಲೆ, ಆ ಲೆಕ್ಕದಲ್ಲಿ ನೋಡಿದರೆ ನಾನು ಗೆದ್ದೆ.

ಲ್ಯಾಬುಗಳಲ್ಲಿ ಇಂಥ ಕೆಲಸಕ್ಕೆ ಬಳಸುವ ಪುಟ್ಟ ಗಿಡ ಅರಾಬಿಡಾಪ್ಸಿಸ್ ಯಾಕೆ ಅಲ್ಲ ಅಂತ ಕೇಳಬೇಡಿ. ಬೇರೆ ಬೇರೆ ಊರಿನ ಅರಾಬಿಡಾಪ್ಸಿಸ್ ತಂದು ಅಳೆಯುವ ಕೆಲಸ ಬೇರೆಯವರು ಬೇಕಾದಷ್ಟು ಮಾಡಿದ್ದಾರೆ. ನನಗೆ ಆಸೆ ಹುಟ್ಟಿಸಿದ್ದು ಜರ್ಮನಿಯ ಸಸ್ಯವಿಜ್ಞಾನಿ ಬ್ಯೂನಿಂಗ್. 1930ರ ದಶಕದಲ್ಲಿ ಆತ ಗಡಿಯಾರದ ಸುತ್ತು 23 ಗಂಟೆಯ ಹುರುಳಿಕಾಯಿ ಗಿಡವನ್ನೂ 26 ಗಂಟೆಯದ್ದನ್ನೂ ಕೂಡಿಸಿದಾಗ ಮರಿಗಳ ಗಡಿಯಾರ ನಡುವೆ ಎಲ್ಲೋ ಬಂದು ನಿಂತಿತು. ಆಗ ಯಾವ ಕಂಪ್ಯೂಟರ್ ಇತ್ತು? ನಮ್ಮ ಅವರೆಯೂ ಅದೇ ಜಾತಿಯ ಆಟ ಆಡುತ್ತದೆ. ಮೊಳೆತ ಮೇಲೆ ಬರುವ ಮೊದಲ ಜೋಡಿ ಎಲೆ ಅಗಲವಾಗಿರುತ್ತದೆ, ಹಗಲು ಚಾಚಿಕೊಳ್ಳುತ್ತದೆ, ಸಂಜೆಯಾದರೆ ಸೋತ ಕೈಯ ಹಾಗೆ ಜೋತು ಬೀಳುತ್ತದೆ. ಅಳೆಯುವುದಕ್ಕೆ ಇದಕ್ಕಿಂತ ಸುಲಭದ ಗಿಡ ಇಲ್ಲ.

ಮೊದಲ ವರ್ಷ ಮನೆ ಮಹಡಿ ಮೇಲಿನ ಶೀಟಿನ ರೂಮು. ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ, ಹಳೇ ಕ್ಯಾಮೆರಾ, ಇನ್ಫ್ರಾರೆಡ್ ಎಲ್ಇಡಿ, ಎಲ್ಲ ಸೇರಿ 8 ಸಾವಿರ ಇರಬೇಕು. ಹಗಲು ರಾತ್ರಿಯ ಸುಳಿವು ಸಿಗದಿದ್ದರೆ ಗಿಡದ ಸ್ವಂತ ಗಡಿಯಾರ ಕಾಣುತ್ತದೆ ಅಂತ ಪೂರ್ತಿ ಕತ್ತಲಲ್ಲಿ ಇಟ್ಟೆ. ಎರಡೇ ದಿನಕ್ಕೆ ಸಸಿಗಳು ಕೈಚೆಲ್ಲಿದವು. ಆಮೇಲೆ ಗೊತ್ತಾಯಿತು, ಆ ಕ್ಯಾಮೆರಾದ ಮೂತಿಯಲ್ಲಿ ಒಂದು ಕೆಂಪು ದೀಪ ಇದೆ, ಫೋಟೋ ತೆಗೆದಾಗಲೆಲ್ಲ ಉರಿಯುತ್ತದೆ. 20 ನಿಮಿಷಕ್ಕೊಮ್ಮೆ ಗಿಡದ ಮುಖಕ್ಕೆ ಟಾರ್ಚ್ ಬಿಟ್ಟ ಹಾಗೆ! ಸೆಟ್ಟಿಂಗಲ್ಲಿ ಒಂದು ಸಾಲು ಬರೆದರೆ ಆರುತ್ತದೆ, ನನಗೆ ಅದು ತಿಳಿದದ್ದು ಎರಡು ತಿಂಗಳಾದ ಮೇಲೆ.

ಕತ್ತಲೆ ಬಿಟ್ಟು ಸದಾ ಉರಿಯುವ ಮಂದ ಬೆಳಕಿಗೆ ಬಂದೆ. ಆಗ ಬಂತು ನೋಡಿ ಗ್ರಾಫು! 18 ಕುಂಡ, 18ರಲ್ಲೂ ಸರಿಯಾಗಿ 24 ಗಂಟೆ. ಸ್ಟಾಫ್ ರೂಮಿಗೆ ಮೈಸೂರುಪಾಕ್ ಹಂಚಿದೆ. ನಿವೃತ್ತರಾದ ಒಬ್ಬ ಪ್ರೊಫೆಸರಿಗೆ ತೋರಿಸಿದರೆ ಅವರು ಒಂದು ನಿಮಿಷ ನೋಡಿ, "ಸಾರ್, ನೀವು ಗಿಡ ಅಳೆದಿಲ್ಲ, ಶೀಟು ಅಳೆದಿದ್ದೀರಿ" ಅಂದರು. ಥರ್ಮಾಮೀಟರ್ ಇಟ್ಟು ನೋಡಿದೆ. ರಾತ್ರಿ 22 ಡಿಗ್ರಿ, ಮಧ್ಯಾಹ್ನ 33. ಬೆಳಕು ಬದಲಾಗದಿದ್ದರೇನು, ಶೀಟು ಕಾದಾಗ ಏಳು, ಆರಿದಾಗ ಮಲಗು ಅಂತ ಬಿಸಿಲೇ ಗಿಡಗಳಿಗೆ ಬೆಲ್ಲು ಹೊಡೆಯುತ್ತಿತ್ತು. ಅಂದಿನಿಂದ ಎಲ್ಲ ಗಿಡಕ್ಕೂ ಸರಿಯಾಗಿ 24 ಬಂತು ಅಂತ ಯಾರಾದರೂ ಹೇಳಿದರೆ ನನಗೆ ಮೊದಲು ಅನುಮಾನ ಬರುವುದು ಅವರ ರೂಮಿನ ಮೇಲೆ.

ಎರಡನೇ ವರ್ಷದ ದಂಡ ಸೆಕೆಂಡ್ ಹ್ಯಾಂಡ್ ಎಸಿ. 11 ಸಾವಿರಕ್ಕೆ ತಂದು 6ಕ್ಕೆ ಮಾರಿದೆ. ಕರೆಂಟು ಹೋದರೆ ಸೆಕೆ, ಬಂದರೆ ತಣ್ಣನೆ ಗಾಳಿ. ಎಲೆ ಗಾಳಿಗೆ ಅಲ್ಲಾಡಿ ಗ್ರಾಫು ಹಾವು ಹರಿದ ಹಾಗಿತ್ತು.

ದಾರಿ ತೋರಿಸಿದ್ದು ಮಾಗಡಿ ಕಡೆಯ ನಮ್ಮ ಅತ್ತೆ ಮನೆ. ಮಣ್ಣಿನ ಗೋಡೆ, ಎರಡಡಿ ದಪ್ಪ, ಮೇಲೆ ಅಟ್ಟ, ಅದರ ಕೆಳಗೆ ರಾಗಿ ಇಡುತ್ತಿದ್ದ ಕತ್ತಲೆ ಕೋಣೆ. "ಬೆಂಗಳೂರಲ್ಲಿ ಜಾಗ ಸಿಗ್ಲಿಲ್ವಾ ಅಳಿಮಯ್ಯ, ಗಿಡಾನ ಕೂಡಾಕೋಕೆ?" ಅಂದರು ಅತ್ತೆ, ಬೀಗದ ಕೈ ಮಾತ್ರ ಕೊಟ್ಟರು. ಗೋಡೆಯ ಉದ್ದಕ್ಕೂ 20 ಲೀಟರಿನ ನೀರಿನ ಕ್ಯಾನು ಒಂದು ಡಜನ್ ಜೋಡಿಸಿದೆ. ಹಗಲು ರಾತ್ರಿಯ ವ್ಯತ್ಯಾಸ 1 ಡಿಗ್ರಿಯ ಒಳಗೆ ಬಂತು! ಎಲ್ಇಡಿ ಪಟ್ಟಿಯನ್ನು ಇನ್ವರ್ಟರಿಗೆ ಹಾಕದೆ ನೇರ 12 ವೋಲ್ಟ್ ಬ್ಯಾಟರಿಗೇ ಕೊಟ್ಟೆ, ಕರೆಂಟು ಹೋಗಿ ಬಂದರೂ ದೀಪ ಮಿಣುಕುವುದಿಲ್ಲ.

ಕಾಂಡ ಸುತ್ತಿಕೊಳ್ಳಲು ಹೋಗಿ ಲೆಕ್ಕ ಕೆಡಿಸುತ್ತದೆ, ಅದಕ್ಕೆ ಪೊರಕೆ ಕಡ್ಡಿ ನೆಟ್ಟು ಸಡಿಲವಾಗಿ ಕಟ್ಟಬೇಕು. ಎಲೆ ತುದಿಗೆ ಸಾಸಿವೆಯಷ್ಟು ಥರ್ಮೋಕೋಲ್ ಗುಂಡು. ಮೊದಲು ಹಾಕಿದ ಅಂಟು ಎಲೆಯನ್ನೇ ಸುಟ್ಟಿತು. ಈಗ ಹಾಕುವ ಅಂಟು ಯಾವುದು ಅಂತ ಇಲ್ಲಿ ಬರೆಯಲ್ಲ, ಅಡುಗೆಮನೆಯಲ್ಲೇ ಇದೆ, ಹುಡುಕಿಕೊಳ್ಳಿ. ಬೆಳಕಿನ ಬಣ್ಣದ ಲೆಕ್ಕವೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಹತ್ತು ದಿನ 12 ಗಂಟೆ ಬೆಳಕು, 12 ಗಂಟೆ ಕತ್ತಲೆ ಕೊಟ್ಟು ಪಳಗಿಸಿ, ಆಮೇಲೆ 6 ದಿನ ಮಂದ ಬೆಳಕು. ಮೊದಲ ದಿನದ ಡೇಟಾ ಎಸೆಯಿರಿ. ಫೋಟೋ ಅಳೆಯುವ ಸಾಫ್ಟ್‌ವೇರ್ ಇಮೇಜ್‌ಜೆಯಲ್ಲಿ ಗುಂಡಿನ ಎತ್ತರ ತೆಗೆದು, ಗಡಿಯಾರದ ಲೆಕ್ಕ ಮಾಡಿಕೊಡುವ ವೆಬ್‌ಸೈಟು ಬಯೋಡೇರ್‌ಗೆ ಹಾಕಿದರೆ ಮುಗಿಯಿತು, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಐದನೇ ದಿನ ಬೆಳಗ್ಗೆ ಬಾಗಿಲು ಸಂದಿಯಲ್ಲಿ ಇಣುಕಿದೆ. ಎರಡು ಕುಂಡ, ಪಕ್ಕಪಕ್ಕ, ಒಂದೇ ಮನೆಯ ಸೊಗಡಿನ ಅವರೆ. ಒಂದು ಎಲೆ ಚಾಚಿಕೊಂಡು ಪೂರ್ತಿ ಎದ್ದಿದೆ, ಇನ್ನೊಂದು ನಡುರಾತ್ರಿಯ ಹಾಗೆ ಜೋತು ಬಿದ್ದಿದೆ. ಶುರುವಿನ ದಿನ ಎರಡೂ ಒಟ್ಟಿಗೇ ಎದ್ದಿದ್ದವು. ದಿನಕ್ಕೆ ಎರಡೆರಡು ಗಂಟೆ ಹಿಂದೆ ಬಿದ್ದು ಬಿದ್ದು ಇಷ್ಟಾಗಿತ್ತು. ಒಂದರದ್ದು ಸುಮಾರು 24 ಮುಕ್ಕಾಲು, ಇನ್ನೊಂದರದ್ದು 26 ಮುಕ್ಕಾಲು. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ.

ನಾಲ್ಕು ಊರಿನ ಬೀಜ ಹಾಕಿದ್ದೆ. ಊರಿಂದ ಊರಿಗಿಂತ ಒಂದೇ ಮನೆಯ ಬೀಜದೊಳಗಿನ ವ್ಯತ್ಯಾಸವೇ ಜಾಸ್ತಿ ಕಂಡಿತು. ಇದು ಅಳತೆಯ ತಪ್ಪು ಅಂದವರಿದ್ದಾರೆ. ಅದಕ್ಕೇ ಬೇಗದ ಮೂರು, ನಿಧಾನದ ಮೂರು ಗಿಡ ಬೇರೆ ಮಾಡಿ, ಹೂಗೊಂಚಲಿಗೆ ಪರದೆ ಕಟ್ಟಿ, ಅವುಗಳ ಬೀಜವನ್ನೇ ಮುಂದಿನ ಸಲ ಹಾಕಿದೆ. ಬೇಗದವರ ಮಕ್ಕಳು ಬೇಗ, ನಿಧಾನದವರ ಮಕ್ಕಳು ನಿಧಾನ. ಒಂದು ಕುಟುಂಬ ಮಾತ್ರ ಕೈಕೊಟ್ಟಿತು.

ಹೆಬ್ಬಾಳ ಅವರೆ ಅನ್ನುವ ತಳಿಯನ್ನೂ ಇಟ್ಟಿದ್ದೆ. ಅದಕ್ಕೆ ಸೀಸನ್ ಹಂಗಿಲ್ಲ, ಯಾವಾಗ ಬಿತ್ತಿದರೂ ಹೂ ಬಿಡುತ್ತದಲ್ವಾ. ಬಾರ್ಲಿಯಲ್ಲಿ ಹೀಗೆ ಹಗಲಿನ ಉದ್ದ ಲೆಕ್ಕಿಸದೆ ಬೇಗ ಹೂ ಬಿಡುವ ಕೆಲವು ತಳಿಗಳಲ್ಲಿ ಇಎಲ್ಎಫ್3 ಅನ್ನುವ ಗಡಿಯಾರದ ಜೀನೇ ಕೆಟ್ಟಿರುತ್ತದೆ, ಇಲ್ಲೂ ಅದೇ ಸಿಗುತ್ತದೆ ಅಂತ ಆಸೆಪಟ್ಟೆ. ನನ್ನ ಆರು ಕುಂಡದಲ್ಲಂತೂ ಗಡಿಯಾರ ಚೆನ್ನಾಗಿಯೇ ಓಡಿತು. ನಿರಾಸೆ. ಸುಮ್ನೆ ಇರಲಾರದೆ ಮುಟ್ಟಿದರೆ ಮುನಿಯನ್ನೂ ತಂದೆ, 1729ರಲ್ಲಿ ಫ್ರಾನ್ಸಿನ ವಿಜ್ಞಾನಿ ಡಿ ಮೆರಾನ್, ಬಿಸಿಲಿಲ್ಲದೆಯೂ ಎಲೆ ಏಳುತ್ತದಾ ಅಂತ ಕತ್ತಲಲ್ಲಿ ಇಟ್ಟು ನೋಡಿದ ಗಿಡ ಅಂತ. ಇಲಿ ಓಡಿದರೂ ಮುದುಡುತ್ತದೆ, ಗ್ರಾಫು ಬಿಡಿಸೋರು ಯಾರು?

ಹೋದ ಡಿಸೆಂಬರಲ್ಲಿ ಬ್ಯೂನಿಂಗ್ ಮಾಡಿದ್ದನ್ನೇ ಮಾಡಲು ಕೂತೆ. ಬೇಗದ ಗಿಡದ ಮೊಗ್ಗು ಬಿಡಿಸಿ ಕೇಸರ ಕಿತ್ತು ನಿಧಾನದ ಗಿಡದ ಪರಾಗ ಹಚ್ಚುವುದು. 40 ಮೊಗ್ಗಿಗೆ ಮಾಡಿದೆ, 3 ಕಾಯಿ ನಿಂತವು. ದಾರ ಕಟ್ಟಿ ಗುರುತು ಮಾಡಿದ್ದರೂ ಒಂದು ಕಾಯಿ ಅತ್ತೆಯವರ ಹಿತಕಿದ ಬೇಳೆ ಸಾರಿಗೆ ಹೋಯಿತು. ಉಳಿದ ಎರಡರಲ್ಲಿ 7 ಬೀಜ ಇವೆ, ಜುಲೈನಲ್ಲಿ ಬಿತ್ತುತ್ತೇನೆ.