ಖಾರದ ಹುಚ್ಚಿನ ತಮ್ಮನಿಗೆ ಹಾಟ್ ಸಾಸ್ ಆರಿಸಿದ್ದು

ನನ್ನ ತಮ್ಮನಿಗೆ ಖಾರ ಅಂದರೆ ಪ್ರಾಣ. ಹೈದರಾಬಾದಿನಲ್ಲಿ ಅವನ ಮನೆಯ ಫ್ರಿಜ್ ಬಾಗಿಲ ತುಂಬ ಹಾಟ್ ಸಾಸ್ ಬಾಟಲಿಗಳೇ, ಬಾಲ್ಕನಿಯ ಕುಂಡದಲ್ಲಿ ಭೂತ್ ಜೊಲೋಕಿಯಾ ಅನ್ನುವ ವಿಪರೀತ ಖಾರದ ಮೆಣಸಿನ ಗಿಡ ಬೇರೆ. ಎರಡು ವರ್ಷದ ಹಿಂದೆ ಅವನ ಹುಟ್ಟುಹಬ್ಬಕ್ಕೆ ಅಂಗಡಿಯಲ್ಲಿದ್ದ ಅತಿ ಖಾರದ ಸಾಸ್ ತಗೊಂಡು ಹೋಗಿದ್ದೆ. ಒಂದು ಹನಿ ನಾಲಿಗೆಗೆ ಹಚ್ಚಿ, "ಚೆನ್ನಾಗಿದೆ ಅಕ್ಕ" ಅಂದು ಮುಚ್ಚಳ ಹಾಕಿದ. ಮರುವರ್ಷ ಹೋದಾಗ ಬಾಟಲಿ ಹಾಗೇ ತುಂಬಿತ್ತು.

ನಿಜ ಹೇಳು ಅಂತ ಕೂರಿಸಿಕೊಂಡು ಕೇಳಿದೆ. "ಖಾರ ಇದೆ ಅಕ್ಕ, ರುಚಿ ಇಲ್ಲ. ಕಹಿ ಬಾಯಲ್ಲೇ ನಿಲ್ಲುತ್ತೆ" ಅಂದ. ಲೇಬಲ್ ತಿರುಗಿಸಿ ನೋಡಿದರೆ ಮೊದಲು ನೀರು, ಆಮೇಲೆ ವಿನೆಗರ್, ಕೊನೆಯಲ್ಲಿ ಮೆಣಸಿನಕಾಯಿ ಎಕ್ಸ್‌ಟ್ರ್ಯಾಕ್ಟ್, ಅಂದರೆ ಕಾಯಿಯಿಂದ ಖಾರವನ್ನೇ ಬೇರ್ಪಡಿಸಿ ತೆಗೆದ ಸಾರ. ಅದರಿಂದ ಖಾರ ಅಳೆಯುವ ಸ್ಕೋವಿಲ್ ಅಂಕಿ ಏರುತ್ತದೆ, ಕಾಯಿಯ ಘಮ ಬರುವುದಿಲ್ಲ. ಸಾರಿನ ಪುಡಿ ಮಾಡುವಾಗ ಅಮ್ಮ ಬಣ್ಣಕ್ಕೆ, ಪರಿಮಳಕ್ಕೆ ಅಂತ ಬ್ಯಾಡಗಿ ಜಾಸ್ತಿ ಹಾಕಿ, ಖಾರಕ್ಕೆ ಗುಂಟೂರು ಸ್ವಲ್ಪವೇ ಹಾಕುತ್ತಾರಲ್ವಾ, ಆ ಲೆಕ್ಕ ನನಗೆ ಸಾಸಿನ ಅಂಗಡಿಯಲ್ಲಿ ಹೊಳೆದೇ ಇರಲಿಲ್ಲ.

ಈ ಸಲ ಶುರು ಮಾಡಿದ್ದು ಅವನ ಫ್ರಿಜ್‌ನಿಂದ. ಯಾವ ಬಾಟಲಿ ತಳ ಕಂಡಿದೆ, ಯಾವುದು ಹಾಗೇ ಕೂತಿದೆ ಅಂತ ನೋಡಿ ಒಂದು ಫೋಟೋ ತೆಗೆದುಕೊಂಡೆ. ಸಿಹಿ ಸಾಸ್, ಹೊಗೆ ವಾಸನೆಯ ಸಾಸ್ ಎಲ್ಲ ತುಂಬಿದ್ದವು. ಖಾಲಿಯಾಗುತ್ತಿದ್ದದ್ದು ಎರಡು: ಹುಳಿ ಬರಿಸಿದ ಮೆಣಸಿನಕಾಯಿಯದೊಂದು, ಕ್ಯಾರೆಟ್ ಸೇರಿಸಿದ, ಹಬನೇರೊ ಅನ್ನುವ ಖಾರದ ಮೆಣಸಿನಕಾಯಿಯ ಸಾಸ್ ಒಂದು. ಅವನನ್ನು ಕೇಳಿದ್ದರೆ "ಯಾವುದಾದರೂ ಸರಿ ಅಕ್ಕ" ಅನ್ನುತ್ತಿದ್ದ, ಬಾಟಲಿಗಳು ಸರಿಯಾಗಿ ಹೇಳಿದವು.

ಅಂಕಿಯ ವಿಷಯ ಒಂದು ಮಾತು. 1912ರಲ್ಲಿ ಅಮೆರಿಕದ ಔಷಧ ತಜ್ಞ ವಿಲ್ಬರ್ ಸ್ಕೋವಿಲ್ ಮೆಣಸಿನಕಾಯಿ ಸಾರಕ್ಕೆ ಸಕ್ಕರೆ ನೀರು ಬೆರೆಸುತ್ತಾ, ಖಾರ ಗೊತ್ತಾಗದಷ್ಟು ತೆಳುವಾಗಲು ಎಷ್ಟು ಬೇಕು ಅಂತ ಅಳೆದರು. ಆ ಲೆಕ್ಕವೇ ಸ್ಕೋವಿಲ್ ಅಂಕಿ. ಹಬನೇರೊ ಕಾಯಿ 1 ಲಕ್ಷದಿಂದ 3.5 ಲಕ್ಷ. 2023ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ ಪೆಪ್ಪರ್ ಎಕ್ಸ್ ಅನ್ನುವ ಕಾಯಿ ಸರಾಸರಿ 26.93 ಲಕ್ಷ. ಆದರೆ ಇದೆಲ್ಲ ಕಾಯಿಯ ಅಂಕಿ. ವಿನೆಗರ್, ತರಕಾರಿ, ಉಪ್ಪು ಸೇರಿದ ಮೇಲೆ ಸಾಸಿನ ಖಾರ ಎಷ್ಟೋ ಇಳಿದಿರುತ್ತದೆ. ಕೆಂಪು ಟಬಾಸ್ಕೊ ಸಾಸ್ ಬರೀ 2,500ರಿಂದ 5,000. ಆದರೂ ಅದಕ್ಕೆ ಹಾಕುವ ಕಾಯಿಯನ್ನು ಉಪ್ಪಿನ ಜೊತೆ ಅರೆದು ಮೂರು ವರ್ಷದವರೆಗೂ ಓಕ್ ಪೀಪಾಯಿಯಲ್ಲಿ ಇಡುತ್ತಾರೆ. ಆ ಹುಳಿ ಸುಮ್ನೆ ವಿನೆಗರ್ ಸುರಿದರೆ ಬರುವಂಥದ್ದಲ್ಲ.

ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ಲೇಬಲ್‌ಗಳನ್ನೇ ಓದಿದೆ. ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ. ಹಾಗಾಗಿ ಮೆಣಸಿನಕಾಯಿ ಮೊದಲಿರುವ, ಬರೀ "ಚಿಲ್ಲಿ" ಅನ್ನದೆ ಯಾವ ತಳಿ ಅಂತ ಹೆಸರು ಹಾಕಿರುವ ಬಾಟಲಿಗಳನ್ನಷ್ಟೇ ಪಕ್ಕಕ್ಕಿಟ್ಟೆ. 415 ಅನ್ನುವ ನಂಬರ್ ಕಂಡರೆ ಬಿಡಬೇಕಿಲ್ಲ, ಅದು ನೀರು, ತಿರುಳು ಬೇರೆಯಾಗದಂತೆ ತಡೆಯುವ ಜ್ಯಾಂಥನ್ ಗಮ್ ಅಷ್ಟೆ. ತಯಾರಾದ ತಾರೀಖು ನೋಡಿದೆ, ಕತ್ತಿನ ಹತ್ತಿರ ಕಂದು ತಿರುಗಿದ್ದನ್ನು ಬಿಟ್ಟೆ.

ಕೊನೆಗೆ ಉಳಿದದ್ದು ಹುಳಿ ಬರಿಸಿದ ಒಂದು ಹಬನೇರೊ ಸಾಸ್. ಎರಡು ಬಾಟಲಿ ತಗೊಂಡೆ, ಒಂದು ನನಗೆ. ರುಚಿ ನೋಡದೆ ಕೊಡುವುದು ನನಗೆ ಇನ್ನು ಆಗದ ಮಾತು. ಚಮಚದಲ್ಲಿ ನೆಕ್ಕಿದರೆ ಬರೀ ಉರಿ ಗೊತ್ತಾಗುತ್ತದೆ, ಹಾಗಾಗಿ ಬಿಸಿ ಅನ್ನ ತುಪ್ಪಕ್ಕೆ ನಾಲ್ಕು ಹನಿ ಹಾಕಿ ಕಲಸಿದೆ. ಮೊದಲು ಹಣ್ಣಿನ ಘಮ, ಆಮೇಲೆ ಹುಳಿ, ಖಾರ ಬಂದದ್ದು ನುಂಗಿದ ಮೇಲೆ! ಪಕ್ಕದಲ್ಲಿ ಮೊಸರು ಇಟ್ಟುಕೊಂಡಿದ್ದೆ, ನೀರಿನಿಂದ ಈ ಉರಿ ಹೋಗುವುದಿಲ್ಲ.

ವಿಮಾನದಲ್ಲಿ ಹೋಗುವವರಿಗೆ ಒಂದು ಮಾತು. ಇಂಥ ಬಾಟಲಿ ಸಾಮಾನ್ಯವಾಗಿ 148 ಮಿಲಿ ಇರುತ್ತದೆ, ಕೈಚೀಲದಲ್ಲಿ ಬಿಡದೇ ಇರಬಹುದು. ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಕವರ್ ಹಾಕಿ, ಟವೆಲ್‌ನಲ್ಲಿ ಸುತ್ತಿ ದೊಡ್ಡ ಸೂಟ್‌ಕೇಸಿಗೆ ಹಾಕಿದೆ.

ಅವತ್ತು ರಾತ್ರಿಯೇ ಅವನು ಆಮ್ಲೆಟ್ ಮೇಲೆ ಸುರಿದುಕೊಂಡು ತಿಂದ, ಏನೂ ಹೇಳಲಿಲ್ಲ. ಬೆಳಿಗ್ಗೆ ಉಪ್ಪಿಟ್ಟಿಗೂ ಹಾಕಿಕೊಂಡ. ಒಂದೂವರೆ ತಿಂಗಳಾದ ಮೇಲೆ ಖಾಲಿ ಬಾಟಲಿಯ ಫೋಟೋ ಬಂತು. ಕೆಳಗೆ, "ಅಕ್ಕ, ಬರುವಾಗ ಎರಡು ತಾ."